ಎರಡು ಸುತ್ತು ಹೋಗಿ ನಿಂತ ಕೋಲು

ಭಾನುವಾರ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಒಂದು ಕೋಲನ್ನು ಇನ್ನೊಂದರ ತುದಿಗೆ ತಿರುಗಿಸುತ್ತಿದ್ದೆ. ಕಾಂಪೌಂಡ್ ಗೋಡೆಯ ಆಚೆ ಕರಿಬೇವು ಕೀಳುತ್ತಿದ್ದ ದೊಡ್ಡಪ್ಪ ಇಣುಕಿ ನೋಡಿದರು.

"ಏನ್ಲಾ ಮಗ ಅದು? ಕೊಳಲು ಜೋಡಿಸ್ತಾ ಇದೀಯ?"

"ಕೊಳಲಲ್ಲ ದೊಡ್ಡಪ್ಪ, ಅಣ್ಣನ ಕ್ಯೂ. ಪೂಲ್ ಆಡೋ ಕೋಲು. ಮುಂದಿನ ಅರ್ಧಕ್ಕೆ ಹೊಸ ಶಾಫ್ಟ್ ತರಿಸಿದ್ದೆ, ಕೂರ್ತಾ ಇಲ್ಲ."

"ಕೂರ್ತಾ ಇಲ್ಲ ಅಂದ್ರೆ? ಒಳಗೇ ಹೋಗ್ತಾ ಇಲ್ವೊ, ಹೋಗಿ ನಿಲ್ತದೊ?"

"ಎರಡು ಸುತ್ತು ಹೋಗಿ ನಿಲ್ತದೆ."

"ಹಂಗಾದ್ರೆ ಕೈ ತೆಗಿ. ಇನ್ನೊಂದು ಸುತ್ತು ತಿರುಗಿಸ್ಬೇಡ. ಅಲ್ಲೇ ಇಡು, ಬಂದೆ."

ಕರಿಬೇವಿನ ಕಡ್ಡಿಗಳನ್ನು ಗೋಡೆಯ ಮೇಲೇ ಬಿಟ್ಟು ಒಳಗೆ ಹೋದರು. ಅವರು ನಮ್ಮಪ್ಪನ ಒಡಹುಟ್ಟಿದವರಲ್ಲ. ಮದ್ದೂರಿನ ಕಡೆಯವರು. ಅಪ್ಪ ಮತ್ತು ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಒಂದೇ ಶಿಫ್ಟ್‌ನಲ್ಲಿದ್ದವರು. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು, ಹಾಗಾಗಿ ಅಣ್ಣನಿಗೂ ನನಗೂ ನಡೆಯಲು ಬಂದಾಗಿನಿಂದ ದೊಡ್ಡಪ್ಪ. ಅಪ್ಪ ಸ್ಟೋರ್ಸ್‌ನಲ್ಲಿದ್ದರು, ಇವರು ಟರ್ನರ್. ಲೇತ್ ಮೇಲೆ ಮೂವತ್ತು ವರ್ಷ ಕಳೆದ ಕೈ. ಆ ಕಾರ್ಖಾನೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಹುಟ್ಟಿದ್ದು, ಅಲ್ಲಿ ಲೇತ್ ಯಂತ್ರಗಳನ್ನೇ ಮಾಡುತ್ತಿದ್ದರು. ಯಂತ್ರ ಮಾಡುವ ಯಂತ್ರವನ್ನು ಮಾಡಿದವರು ನಾವು ಎಂದು ದೊಡ್ಡಪ್ಪ ಹೇಳುವಾಗ ಅವರ ಬೆನ್ನು ಈಗಲೂ ನೆಟ್ಟಗಾಗುತ್ತದೆ.

ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ವರ್ನಿಯರ್, ಬೋಲ್ಟು ನಟ್ಟುಗಳು ತುಂಬಿದ ಹಳೇ ಹಾರ್ಲಿಕ್ಸ್ ಬಾಟಲಿ, ಪೆನ್ಸಿಲ್ಲು, ಅರ್ಧ ಹರಿದ ಕ್ಯಾಲೆಂಡರ್ ಹಾಳೆ. ಎಲ್ಲವನ್ನೂ ಗೋಡೆಯ ಮೇಲೆ ಸಾಲಾಗಿ ಜೋಡಿಸಿದರು. ನಮ್ಮ ಗೋಡೆ ಎದೆಮಟ್ಟ ಇದೆ, ಮೇಲೆ ಒಂದು ಇಟ್ಟಿಗೆಯಗಲದ ಸಿಮೆಂಟು. ಎರಡು ಮನೆಗಳ ನಡುವೆ ಇದಕ್ಕಿಂತ ಒಳ್ಳೆಯ ಮೇಜು ಇಲ್ಲ.

ಕ್ಯೂ ಬಗ್ಗೆ ಸ್ವಲ್ಪ ಹೇಳಬೇಕು. ಅಣ್ಣ 1998ರಲ್ಲಿ ಮಿಷಿಗನ್‌ಗೆ ಹೋದ. ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ. ಅಲ್ಲಿನ ಚಳಿಗಾಲದ ಸಂಜೆಗಳಲ್ಲಿ ಜೊತೆಗಾರರು ಅವನನ್ನು ಪೂಲ್ ಆಡಲು ಕರೆದುಕೊಂಡು ಹೋದರು. ಮೊದಲು ಗೋಡೆಗೆ ನಿಲ್ಲಿಸಿದ್ದ ಬಾಡಿಗೆ ಕೋಲಿನಲ್ಲಿ ಆಡಿದ, ಮೂರು ವರ್ಷವಾದ ಮೇಲೆ ತನ್ನದೇ ಒಂದು ಕೊಂಡ. ಎರಡು ತುಂಡಿನ ಕ್ಯೂ, ಜೋಡಿಸಿದರೆ 58 ಅಂಗುಲ. ಹಿಂದಿನ ತುಂಡು ಬಟ್, ಹಿಡಿಯುವ ಕಡೆ ನೂಲಿನ ಸುತ್ತು, ಮೇಲೆ ಕಪ್ಪು ಮರದ ಚೂಪು ಚೂಪು ಕೆತ್ತನೆ. ಮುಂದಿನದು ಶಾಫ್ಟ್, ಮೇಪಲ್ ಮರದ್ದು, ಬೆಣ್ಣೆಯ ಬಣ್ಣ. ತುದಿಯಲ್ಲಿ ಬಿಳಿ ಫೆರೂಲ್, ಅದರ ಮೇಲೆ ಚರ್ಮದ ಟಿಪ್. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಜಾಯಿಂಟ್: ಬಟ್ಟಿನ ತುದಿಯ ಪಿನ್ನು ಶಾಫ್ಟಿನ ಹಿತ್ತಾಳೆ ಬಾಯಿಗೆ, ಅಂದರೆ ಬುಷ್ಷಿಗೆ, ತಿರುಗಿ ಇಳಿಯುತ್ತದೆ. ಅದನ್ನು ಜೋಡಿಸಿ ಕೊನೆಯ ಕಾಲು ಸುತ್ತು ಬಿಗಿಯುವಾಗ ಅಣ್ಣನ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ಮುಂದೆ ಅವನಿಗೆ ಭುಜದ ನೋವು ಶುರುವಾಯಿತು, ಆಟ ಬಿಟ್ಟ. 2014ರಲ್ಲಿ ಊರಿಗೆ ಬಂದಾಗ ಕ್ಯೂ ನನ್ನ ಕೈಗೆ ಕೊಟ್ಟ. ಅಂದಿನಿಂದ ನಾನು ವಾರಕ್ಕೊಮ್ಮೆ ಅದರಲ್ಲೇ ಆಡುತ್ತಿದ್ದೆ.

ಹೋದ ಎರಡು ಮಳೆಗಾಲ ಕೆಲಸದ ಒತ್ತಡದಲ್ಲಿ ಆಟಕ್ಕೆ ಹೋಗಲಾಗಲಿಲ್ಲ. ಕ್ಯೂ ಬಟ್ಟೆಯ ಚೀಲದಲ್ಲಿ ಬಚ್ಚಲುಮನೆಯ ಪಕ್ಕದ ಗೋಡೆಗೆ ಒರಗಿಕೊಂಡೇ ಇತ್ತು. ಮರ ಸತ್ತ ಮೇಲೂ ನೀರು ಕುಡಿಯುತ್ತದೆ. ಗಾಳಿಯ ತೇವ ಒಂದು ಬದಿಯಿಂದ ಹೆಚ್ಚು ಹೀರಿದರೆ ಆ ಬದಿ ಉಬ್ಬುತ್ತದೆ, ಇನ್ನೊಂದು ಬದಿ ಹಾಗೇ ಉಳಿಯುತ್ತದೆ. ಅದರ ಮೇಲೆ ಒರಗಿಸಿಟ್ಟ ಭಾರ ಬೇರೆ. ಚೀಲದಿಂದ ತೆಗೆದು ಡೈನಿಂಗ್ ಟೇಬಲ್ಲಿನ ಗಾಜಿನ ಮೇಲೆ ಶಾಫ್ಟ್ ಉರುಳಿಸಿದಾಗ ಟಿಪ್ ಎದ್ದು ಇಳಿದು, ಎದ್ದು ಇಳಿದು ಹೋಯಿತು. ಮಧ್ಯದಲ್ಲಿ ಕೆಳಗೆ ಬೆಳಕು ಕಾಣುತ್ತಿತ್ತು. ಯಾರೋ ಹೇಳಿದಂತೆ ತುದಿಗೆ ಭಾರ ಕಟ್ಟಿ ತೂಗುಹಾಕಿ ನೋಡಿದೆ. ಒಂದು ವಾರ ನೇರವಾಗಿತ್ತು, ಮತ್ತೆ ಬಾಗಿತು. ಆಗ ಹೊಸ ಶಾಫ್ಟ್ ಕೊಳ್ಳುವ ನಿರ್ಧಾರ ಮಾಡಿದೆ. ಹಿಂದಿನ ಅರ್ಧ ಚೆನ್ನಾಗೇ ಇದೆಯಲ್ಲ.

ಬೆಂಗಳೂರಿಗೆ ಈ ಆಟಗಳು ಹೊಸದಲ್ಲ. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ. ಪಂಕಜ್ ಅದ್ವಾನಿ ಈ ಊರಿನಲ್ಲೇ ಬೆಳೆದು, ಅರವಿಂದ್ ಸಾವೂರ್ ಅವರ ಬಳಿ ಕಲಿತು, 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದದ್ದು ಆಟ ಬಲ್ಲ ಎಲ್ಲರಿಗೂ ಗೊತ್ತು. ಹಾಗಾಗಿ ಟಿಪ್ ಬದಲಿಸುವವರು, ಫೆರೂಲ್ ಕೂರಿಸುವವರು ಇಲ್ಲಿ ಸಿಗುತ್ತಾರೆ. ಆದರೆ ಅವರ ಕೈ ಪಳಗಿರುವುದು ಸ್ನೂಕರ್ ಕ್ಯೂನಲ್ಲಿ. ಅದು ಆ್ಯಶ್ ಮರದ್ದು, ತುದಿ ಸುಮಾರು ಒಂಬತ್ತೂವರೆ ಮಿಲಿಮೀಟರ್, ಹಿತ್ತಾಳೆಯ ಫೆರೂಲ್, ಎಷ್ಟೋ ಕ್ಯೂಗಳಲ್ಲಿ ಜಾಯಿಂಟ್ ಇರುವುದು ಮುಕ್ಕಾಲು ಭಾಗದ ಹಿಂದೆ. ಪೂಲ್ ಕ್ಯೂ ಮಧ್ಯದಲ್ಲಿ ಬಿಚ್ಚುತ್ತದೆ, ತುದಿ 13 ಮಿಲಿಮೀಟರ್ ಆಸುಪಾಸು. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್ ಚೆಂಡು 57.15. ಭಾರದ ಚೆಂಡಿಗೆ ದಪ್ಪ ತುದಿ. ಅಮೆರಿಕದ ಜಾಯಿಂಟಿಗೆ ಹೊಂದುವ ಶಾಫ್ಟ್ ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ. ಹೊರಗಿನಿಂದ ತರಿಸಿದೆ. ಮಾರುವವನು ಬರೆದದ್ದು ಇಷ್ಟೇ: ಐದು ಬೈ ಹದಿನಾರು ಅಂಗುಲದ ಪಿನ್ನಿಗೆ ಹೊಂದುತ್ತದೆ. ನಮ್ಮದೂ ಐದು ಬೈ ಹದಿನಾರು. ಬಂದ ಮೇಲೆ ಕೂರಲಿಲ್ಲ. ಕೇಳಿದರೆ ಪೊಟ್ಟಣ ಒಡೆದ ಸಾಮಾನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ.

ಇದಿಷ್ಟೂ ಹೇಳುವಷ್ಟರಲ್ಲಿ ದೊಡ್ಡಪ್ಪ ಬಟ್ಟಿನ ಪಿನ್ನನ್ನು ವರ್ನಿಯರಿನಿಂದ ಅಳೆದಿದ್ದರು.

"7.9. ಐದು ಬೈ ಹದಿನಾರು ಸರಿ. ಅದು 7.94 ಬರ್ತದೆ. ಗಾತ್ರ ಸರೀನೇ ಇದೆ. ತಪ್ಪಿರೋದು ಥ್ರೆಡ್ಡು."

"ಗಾತ್ರ ಸರಿ ಇದ್ರೆ ಥ್ರೆಡ್ಡೂ ಸರಿ ಇರಲ್ವಾ?"

"ಹಂಗೆ ಇದ್ದಿದ್ರೆ ನಾನು ಮೂವತ್ತು ವರ್ಷ ಏನ್ ಮಾಡ್ತಾ ಇದ್ದೆ? ನೋಡು ಬಾ."

ಕ್ಯಾಲೆಂಡರ್ ಹಾಳೆಯನ್ನು ಗೋಡೆಯ ಮೇಲೆ ಹರಡಿ, ಪಿನ್ನಿನ ಒಂದು ಬದಿಗೆ ಪೆನ್ಸಿಲ್ಲಿನ ಸೀಸ ಒರೆಸಿ, ಅದನ್ನು ಹಾಳೆಯ ಮೇಲೆ ಒತ್ತಿದರು. ಉರುಳಿಸಲಿಲ್ಲ, ಒತ್ತಿದರು ಅಷ್ಟೆ. ಹಾಳೆಯ ಮೇಲೆ ಸಣ್ಣ ಸಣ್ಣ ಗೆರೆಗಳ ಸಾಲು ಮೂಡಿತು. ಅರ್ಧ ಅಂಗುಲ ಗುರುತು ಮಾಡಿ ಎಣಿಸು ಎಂದರು. ಏಳು ಬಂತು.

"ಅಂಗುಲಕ್ಕೆ 14. ಈಗ ಹೊಸದರ ಒಳಗಡೆ ನೋಡಬೇಕು. ಒಳಗಿನ ಥ್ರೆಡ್ ಒತ್ತೋಕಾಗಲ್ಲ, ಗೊತ್ತಿರೋ ಬೋಲ್ಟ್ ಕೊಟ್ಟು ಕೇಳ್ಬೇಕು."

ಬಾಟಲಿಯಿಂದ ಮೊದಲು ತೆಗೆದದ್ದು ಇಂದಿನ 8 ಎಂಎಂ ಬೋಲ್ಟು. ಒಂದು ಸುತ್ತಿಗೇ ಮುನಿಸಿಕೊಂಡಿತು. ತಕ್ಷಣ ಹೊರಗೆ ತೆಗೆದರು. 8 ಮಿಲಿಮೀಟರಿಗೂ ಐದು ಬೈ ಹದಿನಾರಕ್ಕೂ ಇರುವ ಅಂತರ ಕೂದಲಿನಷ್ಟು. ಕಣ್ಣಿಗೆ ಎರಡೂ ಒಂದೇ. ಇದರಿಂದಲೇ ಎಷ್ಟೋ ಸಾಮಾನು ಕೆಟ್ಟುಹೋಗುತ್ತದೆ ಎಂದರು. ಆಮೇಲೆ ಬಾಟಲಿಯ ತಳದಿಂದ ತುಕ್ಕಿನ ಬಣ್ಣದ ಒಂದು ಹಳೇ ಅಂಗುಲದ ಬೋಲ್ಟು ಹುಡುಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ಶಾಫ್ಟಿನ ಹಿತ್ತಾಳೆ ಬಾಯಿಗೆ ಇಟ್ಟು ಎರಡು ಬೆರಳಲ್ಲಿ ತಿರುಗಿಸಿದರು. ಮೊದಲ ಎರಡು ಸುತ್ತು, ಮೂರು, ನಾಲ್ಕು, ಹೋಗುತ್ತಲೇ ಇತ್ತು.

"18. ಅಂಗುಲಕ್ಕೆ 18 ಇದು. ನಿಂದು 14."

"ಹಾಗಾದರೆ ಎರಡು ಸುತ್ತು ಯಾಕೆ ಹೋಯ್ತು?"

ದೊಡ್ಡಪ್ಪ ಒಳಗೆ ತಿರುಗಿ ಕೂಗಿದರು: "ಲೇ, ನಿನ್ನ ಬಾಚಣಿಗೆ, ಸೀರಣಿಗೆ ಎರಡೂ ತಗೊಂಬಾ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎರಡನ್ನೂ ತಂದು ಕೊಟ್ಟು, ಯಾರ ತಲೆಗೆ ಎಂದು ಕೇಳಿ, ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದರು. ದೊಡ್ಡಪ್ಪ ಬಾಚಣಿಗೆಯ ಹಲ್ಲಿಗೆ ಸೀರಣಿಗೆಯ ಹಲ್ಲು ಎದುರಿಟ್ಟು ಒತ್ತಿದರು. ಮೊದಲ ಹಲ್ಲು ಸಂದಿಗೆ ಇಳಿಯಿತು. ಎರಡನೆಯದು ಒತ್ತಾಯದಿಂದ ಇಳಿಯಿತು. ಮೂರನೆಯದು ಹಲ್ಲಿನ ಮೇಲೇ ಕೂತಿತು.

"14ರದ್ದು ಒಂದು ಸುತ್ತಿಗೆ 1.8 ಮಿಲಿಮೀಟರ್ ಮುಂದೆ ಹೋಗ್ತದೆ, 18ರದ್ದು 1.4. ಒಂದು ಸುತ್ತಿಗೆ 0.4 ವ್ಯತ್ಯಾಸ. ಶುರುವಿನಲ್ಲಿ ಸಡಿಲ ಇರ್ತದಲ್ಲ, ಆ ಸಡಿಲದಲ್ಲಿ ಮೊದಲ ಸುತ್ತು ನುಂಗ್ತದೆ. ಎರಡನೇದಕ್ಕೆ ಕಚ್ಚಿಕೊಳ್ತದೆ. ಮೂರನೇದು ನೀನು ಜೋರು ಮಾಡಿದ್ರೆ ಹಿತ್ತಾಳೆ ಸೋಲ್ತದೆ. ಸ್ಟೀಲು ಗೆಲ್ತದೆ. ಆಮೇಲೆ ಆ ಬುಷ್ಷು ಯಾವುದಕ್ಕೂ ಬರಲ್ಲ."

ಪಿನ್ನಿನ ಮೇಲೆ ಆಗಲೇ ಹಳದಿ ಪುಡಿ ಇತ್ತು. ಉಗುರಿನಲ್ಲಿ ಕೆರೆದು ತೋರಿಸಿದರು. ನನ್ನ ಎದೆ ಧಸಕ್ಕೆಂದಿತು. ಇನ್ನೊಂದು ಸುತ್ತು ಒತ್ತಿದ್ದರೆ ಅಣ್ಣನ ಪಿನ್ನಿಗೇನೂ ಆಗುತ್ತಿರಲಿಲ್ಲವೋ ಏನೋ, ಆದರೆ ಹಿತ್ತಾಳೆಯ ಚೂರು ಅದರ ಸಂದಿಗೆ ಕಚ್ಚಿಕೊಂಡು ಬಿಡಿಸಲಾಗದಂತೆ ಎರಡೂ ಬೆಸೆದುಹೋಗುತ್ತಿದ್ದವು. ಬಿಡಿಸಲು ಇಕ್ಕಳ ಹಾಕುತ್ತಿದ್ದೆ. ಆಗ ಬಟ್ಟಿನ ಮರ ಸೀಳುತ್ತಿತ್ತು.

ಇಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು, ಗೋಡೆಯ ಮೇಲಿನ ಮಾತು ಹೋಗುವಂತೆ. ಆ ತುಕ್ಕಿನ ಬೋಲ್ಟು ವಿಟ್‌ವರ್ತ್ ಬೋಲ್ಟಂತೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲ ಕಾರ್ಖಾನೆಗಳಿಗೂ ಒಂದೇ ಥ್ರೆಡ್ ಇರಲಿ ಎಂದು ಲೆಕ್ಕ ಕಟ್ಟಿ ಕೊಟ್ಟ. ಹಲ್ಲಿನ ಕೋನ 55 ಡಿಗ್ರಿ. ಅದಕ್ಕೆ ಮುಂಚೆ ಪ್ರತಿ ಕಮ್ಮಾರನಿಗೂ ಅವನದೇ ತಿರುಪು, ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಹೊಂದುತ್ತಿರಲಿಲ್ಲ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಸಾಕು, ಮಾಡಲು ಸುಲಭ ಎಂದ. ಅಲ್ಲಿಗೆ ಎರಡು ದೇಶ ಎರಡು ದಾರಿ. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದವರ ಬೋಲ್ಟುಗಳು ಒಂದಕ್ಕೊಂದು ಕೂರದೆ ಪಾಡುಪಟ್ಟು, 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂತು ಒಂದೇ ಥ್ರೆಡ್ಡಿಗೆ ಸಹಿ ಹಾಕಿದವು. ದೊಡ್ಡಪ್ಪನಿಗೆ ಇದೆಲ್ಲ ತರಬೇತಿ ಕಾಲದ ಪಾಠ. ಐದು ಬೈ ಹದಿನಾರರಲ್ಲಿ ವಿಟ್‌ವರ್ತೂ 18, ಅಮೆರಿಕದ್ದೂ 18, ಹಾಗಾಗಿಯೇ ಹಳೇ ಬೋಲ್ಟು ಒಳಗೆ ಹೋದದ್ದು. ಆದರೆ ಬಿಗಿ ಮಾಡಬಾರದು, ಕೋನ ಬೇರೆ ಎಂದರು.

"ದೇಶದೇಶಗಳೇ ಕೂತು ತೀರ್ಮಾನ ಮಾಡಿದ ಮೇಲೂ ನಿಮ್ಮ ಕೋಲಿನೋರು 14 ಯಾಕೆ ಇಟ್ರು?"

ಅದಕ್ಕೆ ನಾನು ಉತ್ತರ ಬಲ್ಲೆ, ಹೇಳಿದೆ. ಕ್ಯೂ ಮಾಡುವವರಿಗೆ ಅಂಥ ಒಪ್ಪಂದವೇ ಇಲ್ಲ. ಪೂಲ್ ಆಟದ ವಿಶ್ವ ಸಂಸ್ಥೆಯ ನಿಯಮದಲ್ಲಿ ಕ್ಯೂ 40 ಅಂಗುಲಕ್ಕಿಂತ ಕಡಿಮೆ ಇರಬಾರದು, 25 ಔನ್ಸ್ ಮೀರಬಾರದು, ಟಿಪ್ 14 ಮಿಲಿಮೀಟರ್ ದಾಟಬಾರದು ಎಂದಿದೆ. ಜಾಯಿಂಟಿನ ಥ್ರೆಡ್ ಎಷ್ಟಿರಬೇಕು ಎಂದು ಒಂದಕ್ಷರ ಇಲ್ಲ. ಹಾಗಾಗಿ ಒಬ್ಬರದು ಐದು ಬೈ ಹದಿನಾರರಲ್ಲಿ 14, ಇನ್ನೊಬ್ಬರದು 18. ಮೂರು ಬೈ ಎಂಟರ ದಪ್ಪ ಪಿನ್ನಿನವರಲ್ಲಿ ಕೆಲವರದು 10, ಕೆಲವರದು 11. ಬೇಗ ಬಿಚ್ಚುವ ಜಾಯಿಂಟ್ ಮಾಡುವವರು ಬೇರೆ. ಕಾರ್ಬನ್ ಫೈಬರ್ ಶಾಫ್ಟ್ ತಗೋ, ಮಳೆಗೆ ಬಾಗುವುದಿಲ್ಲ ಎಂದು ಗೆಳೆಯನೊಬ್ಬ ಹೇಳಿದ್ದ. ಬಾಗುವುದಿಲ್ಲ ನಿಜ, ಆದರೆ ಅದರ ಬಾಯಲ್ಲೂ ಒಂದು ಥ್ರೆಡ್ ಇರುತ್ತದಲ್ಲ.

ದೊಡ್ಡಪ್ಪ ತಲೆಯಾಡಿಸುತ್ತಾ ಹಳೇ ಬಾಗಿದ ಶಾಫ್ಟನ್ನು ಕೈಗೆತ್ತಿಕೊಂಡರು. ಅದರ ಹಿತ್ತಾಳೆ ಬಾಯನ್ನೂ ಹೊಸದರ ಬಾಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇಲ್ಲಿ ಇನ್ನೊಂದು ಇದೆ ಕಣ್ಲಾ" ಎಂದರು.

ಹೊಸ ಶಾಫ್ಟಿನ ಮುಖ ಸಪಾಟು. ಹಳೆಯದರಲ್ಲಿ ಹಿತ್ತಾಳೆಯ ಒಂದು ಸಣ್ಣ ಕೊರಳು ಮುಖದಿಂದ ಮುಂದೆ ಚಾಚಿಕೊಂಡಿದೆ. ಬಟ್ಟಿನ ಸ್ಟೀಲು ಬಾಯಲ್ಲಿ ಪಿನ್ನಿನ ಸುತ್ತ ಒಂದು ಗುಳಿ ಇದೆ. ಕೊರಳು ಆ ಗುಳಿಗೆ ಇಳಿದು ಕೂರುತ್ತದೆ. ಇದನ್ನು ಪೈಲಟ್ ಜಾಯಿಂಟ್ ಎನ್ನುತ್ತಾರೆ. ಇಷ್ಟು ವರ್ಷ ಬಿಚ್ಚಿ ಜೋಡಿಸಿದ್ದೇನೆ, ಆ ಕೊರಳು ಏಕಿದೆ ಎಂದು ಯೋಚಿಸಿರಲಿಲ್ಲ. ಥ್ರೆಡ್ ಎಂಬುದು ಎಳೆದು ಹಿಡಿಯಲು ಇರುವುದು, ನಡುಮಧ್ಯೆ ನಿಲ್ಲಿಸಲು ಅಲ್ಲ ಎಂದು ದೊಡ್ಡಪ್ಪ ವಿವರಿಸಿದರು. ಎಷ್ಟೇ ಚೆನ್ನಾಗಿ ಕೊರೆದ ಥ್ರೆಡ್ಡಿಗೂ ಒಂದಿಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ತಿರುಗುವುದೇ ಇಲ್ಲ. ಈ ಜಾತಿಯ ಜಾಯಿಂಟಿನಲ್ಲಿ ಮಧ್ಯಕ್ಕೆ ತರುವ ಕೆಲಸ ಕೊರಳಿನದು. ಅಂದರೆ ಥ್ರೆಡ್ಡನ್ನು 14 ಮಾಡಿಸಿಕೊಂಡರೂ ಕೊರಳಿಲ್ಲದ ಶಾಫ್ಟ್ ಈ ಬಟ್ಟಿಗೆ ಪೂರಾ ಹೊಂದಿದಂತಲ್ಲ.

ಇನ್ನು ದಾರಿ ಯಾವುದು? ಕ್ಯೂ ರಿಪೇರಿ ಮಾಡುವವರೊಬ್ಬರು ಹಿಂದಿನ ದಿನವೇ ಒಂದು ಸಲಹೆ ಕೊಟ್ಟಿದ್ದರು. ಬಟ್ಟಿನ ಪಿನ್ ಕಿತ್ತು ಹೊಸ ಶಾಫ್ಟಿಗೆ ಹೊಂದುವ ಪಿನ್ ಹಾಕಿಬಿಡೋಣ, ಒಂದು ಗಂಟೆಯ ಕೆಲಸ ಎಂದು. ಅದನ್ನು ಹೇಳಿದ ಕೂಡಲೇ ದೊಡ್ಡಪ್ಪ ಕೈಯಲ್ಲಿದ್ದ ವರ್ನಿಯರ್ ಕೆಳಗಿಟ್ಟರು.

"ಯಾವುದು ಬೆಲೆ ಬಾಳೋದು? ಹಿಂದಿನ ತುಂಡೊ ಮುಂದಿನದೊ?"

"ಹಿಂದಿನದು."

"ಯಾವುದು ಸವೆಯೋದು?"

"ಮುಂದಿನದು. ಶಾಫ್ಟ್ ಬದಲಿಸ್ತಾ ಇರ್ತಾರೆ."

"ಮತ್ತೆ ಸವೆಯೋದಕ್ಕೋಸ್ಕರ ಉಳಿಯೋದನ್ನ ಯಾಕ್ಲಾ ಕೊರೀತೀಯ? ಆ ಪಿನ್ನು ಮರದ ಒಳಗೆ ಎಷ್ಟುದ್ದ ಹೋಗಿದೆಯೊ, ಯಾವ ಅಂಟು ಹಾಕಿದಾರೊ. ಕೀಳುವಾಗ ಒಂದು ಕೂದಲೆಳೆ ವಾಲಿದ್ರೆ ಮುಗೀತು. ಬಗ್ಗೋದಾದ್ರೆ ಹೊಸದು ಬಗ್ಗಲಿ."

ಒಂದು ಕೂದಲೆಳೆ ವಾಲಿದರೆ ಏನಾಗುತ್ತದೆ ಎಂಬುದನ್ನು ಅವರು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಇನ್ನೂ ಅಲ್ಲೇ ಇದೆ ಆ ಲೆಕ್ಕ, ಮಳೆ ಬರುವವರೆಗೆ ಇರುತ್ತದೆ. ಜಾಯಿಂಟಿನ ಅಡ್ಡಳತೆ 21.5 ಮಿಲಿಮೀಟರ್. ಶಾಫ್ಟಿನ ಉದ್ದ 29 ಅಂಗುಲ, ಅಂದರೆ ಸುಮಾರು 737 ಮಿಲಿಮೀಟರ್. ಭಾಗಿಸಿದರೆ 34. ಜಾಯಿಂಟಿನ ಮುಖ ಒಂದು ಬದಿಯಲ್ಲಿ 0.1 ಮಿಲಿಮೀಟರ್, ಅಂದರೆ ಒಂದು ಕಾಗದದ ದಪ್ಪದಷ್ಟು ಎತ್ತರ ಇದ್ದರೂ ಟಿಪ್ ಅದರ 34 ಪಟ್ಟು ಪಕ್ಕಕ್ಕೆ ಹೋಗುತ್ತದೆ, ಹತ್ತಿರ ಹತ್ತಿರ ಮೂರೂವರೆ ಮಿಲಿಮೀಟರ್. 13 ಮಿಲಿಮೀಟರ್ ಟಿಪ್ಪಿನಲ್ಲಿ ಮೂರೂವರೆ ಎಂದರೆ ಚೆಂಡಿನ ನಡುವಿಗೆ ಗುರಿ ಇಟ್ಟವನು ಗೊತ್ತಿಲ್ಲದೆಯೇ ಪಕ್ಕಕ್ಕೆ ಹೊಡೆಯುತ್ತಾನೆ. ಪಕ್ಕಕ್ಕೆ ಬಿದ್ದ ಏಟಿಗೆ ಚೆಂಡು ಬುಗುರಿಯಂತೆ ಸುತ್ತುತ್ತದೆ, ದಾರಿಯೂ ಬದಲಾಗುತ್ತದೆ. ಎಷ್ಟೋ ಜನ ತಮ್ಮ ಕೈ ಸರಿಯಿಲ್ಲ ಎಂದು ಕೊರಗುತ್ತಾರೆ. ಕೆಲವೊಮ್ಮೆ ಕೈ ಸರಿಯಾಗೇ ಇರುತ್ತದೆ, ಜಾಯಿಂಟಿನ ಮುಖ ಸರಿ ಇರುವುದಿಲ್ಲ. ಇದನ್ನು ನಾನು ಕ್ಯೂ ಹಿಡಿದ ಪ್ರತಿಯೊಬ್ಬರಿಗೂ ಹೇಳಬೇಕೆಂದಿದ್ದೇನೆ.

ಉಳಿದದ್ದು ಒಂದೇ. ಹೊಸ ಶಾಫ್ಟಿನ 18ರ ಬುಷ್ ತೆಗೆದು, 14ರದು, ಕೊರಳಿರುವುದು, ಬಟ್ಟಿನ ಗುಳಿಗೆ ಸರಿಯಾಗಿ ಕೂರುವುದು ಹಾಕಬೇಕು. ಅಂಥ ಬುಷ್ ಎಲ್ಲಿ ಸಿಗುತ್ತದೆ? ದೊಡ್ಡಪ್ಪ ಮಾತಾಡಲಿಲ್ಲ. ತಮ್ಮ ಕೈಯಲ್ಲಿದ್ದ ಬಾಗಿದ ಶಾಫ್ಟನ್ನು ನೋಡಿದರು. ನಾನೂ ನೋಡಿದೆ.

ಅದು ಆ ಪಿನ್ನಿನ ಜೊತೆಗೇ ಹುಟ್ಟಿದ ಬುಷ್. ಇಪ್ಪತ್ತು ವರ್ಷಕ್ಕೂ ಮೇಲೆ ಒಂದಕ್ಕೊಂದು ಉಜ್ಜಿ ನಯವಾಗಿವೆ. ಆದರೆ ತೆಗೆಯಬೇಕೆಂದರೆ ಶಾಫ್ಟ್ ಕೊಯ್ಯಬೇಕು. ಬುಷ್ ಇರುವ ಎರಡಂಗುಲ ಕತ್ತರಿಸಿ, ಲೇತಿಗೆ ಹಾಕಿ ಸುತ್ತಲಿನ ಮರ ಸವರಿದರೆ ಹಿತ್ತಾಳೆ ಇಡಿಯಾಗಿ ಹೊರಗೆ ಬರುತ್ತದೆ. ಕಾಯಿಸಿದರೆ ಅಂಟು ಮೆತ್ತಗಾಗಿ ಬರಬಹುದು, ಆದರೆ ತಿರುಗಿಸುವಾಗ ಕೊರಳಿಗೆ ಇಕ್ಕಳದ ಗಾಯವಾದರೆ ಅದರ ಅಳತೆ ಹೋಯಿತು. ಕೊಯ್ಯುವುದೇ ಕ್ಷೇಮ. ನನಗೆ ಬಾಯಿ ಬರಲಿಲ್ಲ. ಆ ಶಾಫ್ಟಿನ ತುದಿಯಲ್ಲಿ ಅಣ್ಣ ಉಜ್ಜಿದ ನೀಲಿ ಚಾಕಿನ ಬಣ್ಣ ಮರದೊಳಗೆ ಇಳಿದಿದೆ. ಟಿಪ್ಪಿನಿಂದ ಒಂದು ಗೇಣು ಹಿಂದೆ ಸಣ್ಣ ತಗ್ಗು, ಯಾರೋ ಮೇಜಿನ ಅಂಚಿಗೆ ಬಡಿದದ್ದು. ಎಡಗೈ ಬೆರಳು ಉಂಗುರ ಕಟ್ಟಿದಾಗಲೆಲ್ಲ ಆ ತಗ್ಗು ನನ್ನ ಹೆಬ್ಬೆರಳಿಗೆ ಸಿಗುತ್ತಿತ್ತು.

"ದೊಡ್ಡೋನ್ನ ಒಂದು ಮಾತು ಕೇಳು. ಅವನ ಭುಜ ಹೆಂಗಿದೆಯಂತೆ ಅದನ್ನೂ ಕೇಳು."

ಅಲ್ಲಿ ರಾತ್ರಿ. ಅಣ್ಣ ಎದ್ದೇ ಇದ್ದ. ವಿಡಿಯೊದಲ್ಲಿ ಗೋಡೆ, ದೊಡ್ಡಪ್ಪ, ಎರಡು ಶಾಫ್ಟು ಎಲ್ಲ ತೋರಿಸಿದೆ. ಮೊದಲು ದೊಡ್ಡಪ್ಪನಿಗೆ ನಮಸ್ಕಾರ ಹೇಳಿ, ಭುಜ ಈಗ ವಾಸಿ, ಕೈ ಮೇಲೆತ್ತಲು ಬರುತ್ತದೆ ಎಂದು ಎತ್ತಿ ತೋರಿಸಿದ. ಕೊಯ್ಯುವ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕೊಯ್ರಿ ದೊಡ್ಡಪ್ಪ. ಬಾಗಿದ್ದನ್ನ ಇಟ್ಕೊಂಡು ಏನ್ ಮಾಡೋದು? ಆ ಬುಷ್ಷು ಒಳ್ಳೇದು. ಅಷ್ಟು ವರ್ಷದಲ್ಲಿ ಒಂದು ದಿನಾನೂ ಸಡಿಲ ಆಗ್ಲಿಲ್ಲ."

ಮರುದಿನ ಪೀಣ್ಯಕ್ಕೆ ಹೋದೆವು. ದೊಡ್ಡಪ್ಪನ ಕೈಕೆಳಗೆ ಕಲಿತವರೊಬ್ಬರು ಅಲ್ಲಿ ನಾಲ್ಕು ಯಂತ್ರದ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ. ಅದರಲ್ಲೊಂದು ಎಚ್‌ಎಂಟಿಯ ಹಳೇ ಲೇತ್. ಒಳಗೆ ಕಾಲಿಟ್ಟ ದೊಡ್ಡಪ್ಪ ಯಾರನ್ನೂ ಮಾತಾಡಿಸುವ ಮುಂಚೆ ಅದರ ಬೆಡ್ಡಿನ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದರು. ಆ ವರ್ಕ್‌ಶಾಪಿನವರು ದಿನವೂ ಕತ್ತರಿಸುವುದು ಕಬ್ಬಿಣ, ಅಲ್ಯುಮಿನಿಯಮ್. ಮೇಪಲ್ ಮರದ ಕೋಲು ಅವರಿಗೆ ಹೊಸದು, ಆದರೆ ಸುತ್ತುವ ವಸ್ತು ಯಾವುದಾದರೂ ಅವರಿಗೆ ನೆಂಟನೇ.

ಹೊಸ ಶಾಫ್ಟನ್ನು ಲೇತಿನ ಸ್ಪಿಂಡಲಿನ ತೂತಿನೊಳಗೆ ಉದ್ದಕ್ಕೆ ತೂರಿಸಿದರು. ಚಕ್ಕಿನ ಹಲ್ಲು ಮರಕ್ಕೆ ಕಚ್ಚದಂತೆ ಸುತ್ತ ದಪ್ಪ ಕಾಗದ. ಹಿಂದಿನ ತುದಿ ಗಾಳಿಯಲ್ಲಿ ತೂರಾಡದಂತೆ ಅದಕ್ಕೊಂದು ಬಟ್ಟೆಯ ಆಧಾರ. ವೇಗ ಕಡಿಮೆ. ಡಯಲ್ ಗೇಜ್ ಮುಟ್ಟಿಸಿ, ಚಕ್ಕನ್ನು ಇಷ್ಟಿಷ್ಟೇ ಸಡಿಲಿಸಿ, ಬಿಗಿದು, ಮತ್ತೆ ನೋಡಿ, ಮುಳ್ಳು ಅಲುಗಾಡುವುದು ನಿಲ್ಲುವ ತನಕ ಮುಕ್ಕಾಲು ಗಂಟೆ. ಕೊರೆಯಲು ಹಿಡಿದದ್ದು ಹತ್ತು ನಿಮಿಷ. ಡ್ರಿಲ್ ಹಾಕಬೇಡಿ ಎಂದು ದೊಡ್ಡಪ್ಪ ಮೊದಲೇ ಹೇಳಿದ್ದರು. ಡ್ರಿಲ್ ಹಳೇ ತೂತನ್ನು ಹಿಂಬಾಲಿಸುತ್ತದೆ, ಹಳೇ ತೂತು ಓರೆ ಇದ್ದರೆ ಅದೂ ಓರೆ. ಬೋರಿಂಗ್ ಬಾರ್ ಮಾತ್ರ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಹಿತ್ತಾಳೆ ಪದರ ಪದರವಾಗಿ ಹಳದಿ ಎಳೆಯಾಗಿ ಬಂತು, ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ಉಳಿದು ಸುಲಿದುಕೊಂಡಿತು. ಒಳಗೆ ಹೊಸ ಮೇಪಲ್, ಕಾಯಿಸಿದ ಹಾಲಿನ ವಾಸನೆ.

ಹಳೇ ಶಾಫ್ಟಿನ ಎರಡಂಗುಲ ಕೊಯ್ದವರು ದೊಡ್ಡಪ್ಪ. ಸಣ್ಣ ಹಲ್ಲಿನ ಗರಗಸ. ನಾನು ಇನ್ನೊಂದು ತುದಿ ಹಿಡಿದಿದ್ದೆ. ಮರ ಸವರಿದ ಮೇಲೆ ಬುಷ್ ಅಂಗೈಗೆ ಬಂತು, ಬೆಚ್ಚಗಿತ್ತು.

ಅಂಟಿಸುವ ಮುಂಚೆ ಪಿನ್ನಿಗೂ ಸ್ಟೀಲಿನ ಗುಳಿಗೂ ಮೇಣ ಸವರಿದರು, ಅಂಟು ತಾಗಿದರೂ ಕಚ್ಚದಿರಲಿ ಎಂದು. ಬುಷ್ಷನ್ನು ಬಟ್ಟಿನ ಪಿನ್ನಿಗೆ ತಿರುಗಿಸಿ ಕೂರಿಸಿ, ಹೊರಮೈಗೆ ಗೀರು ಹಾಕಿ, ನಿಧಾನವಾಗಿ ಒಣಗುವ ಅರಾಲ್ಡೈಟ್ ಹಚ್ಚಿ, ಆಮೇಲೆ ಶಾಫ್ಟಿನೊಳಗೆ ಇಳಿಸಿದರು. ತೂತು ಕೂದಲಿನಷ್ಟು ದೊಡ್ಡದೇ ಇರಬೇಕು, ಅಂಟಿಗೆ ಜಾಗ ಬೇಕು. ಹೀಗೆ ಮಾಡಿದರೆ ಬುಷ್ ಎಲ್ಲಿ ನಿಲ್ಲಬೇಕು ಎಂಬುದನ್ನು ಅಣ್ಣನ ಬಟ್ಟೇ ತೀರ್ಮಾನಿಸುತ್ತದೆ. ಒಂದು ರಾತ್ರಿ ಪೂರ್ತಿ ಮುಟ್ಟಬಾರದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ತಂದಿದ್ದ ಹುಡುಗನನ್ನು ವಾಪಸು ಅಂಗಡಿಗೆ ಕಳಿಸಿದ್ದರು.

ಮಂಗಳವಾರ ಸಂಜೆ ಮತ್ತೆ ಲೇತಿಗೆ ಹಾಕಿ ಮರದ ಮುಖವನ್ನು ಒಂದು ಉಸಿರಿನಷ್ಟು ಫೇಸಿಂಗ್ ಮಾಡಿದರು. ಆಮೇಲೆ ಜೋಡಿಸು ಎಂದು ನನಗೇ ಕೊಟ್ಟರು. ತಿರುಗಿಸಿದೆ. ಎರಡು, ನಾಲ್ಕು, ಆರು ಸುತ್ತು, ಎಲ್ಲೂ ತಡೆಯಲಿಲ್ಲ. ಕೊರಳು ಗುಳಿಗೆ ಇಳಿಯುವಾಗ ಒಂದು ಮೆತ್ತನೆಯ ಗಾಳಿಯ ತಡೆ. ಬಿಗಿಯುವ ಮುಂಚೆ ಸುತ್ತ ನಾಲ್ಕು ಕಡೆ ತೆಳು ಕಾಗದದ ಪಟ್ಟಿ ಇಟ್ಟು, ಕೊನೆಯ ಕಾಲು ಸುತ್ತು ತಿರುಗಿಸಿದೆ, ನಿಂತಿತು. ನಾಲ್ಕು ಪಟ್ಟಿಯನ್ನೂ ಎಳೆದು ನೋಡಿದೆ. ಒಂದೂ ಬರಲಿಲ್ಲ, ನಾಲ್ಕೂ ಹರಿದವು. ಹೊಸ ಶಾಫ್ಟ್ ಜಾಯಿಂಟಿನ ಬಳಿ ಬಟ್ಟಿಗಿಂತ ಎಳೆಯಷ್ಟು ದಪ್ಪ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಅದನ್ನು ಉಜ್ಜಿ ಸಮ ಮಾಡಬಹುದಿತ್ತು, ಬೇಡವೆಂದೆ. ಆಟಕ್ಕೆ ಅದರಿಂದ ತೊಂದರೆಯಿಲ್ಲ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯುವುದು ನನಗೆ ಇಷ್ಟ.

ಮನೆಗೆ ಬಂದ ಮೇಲೆ ಡೈನಿಂಗ್ ಟೇಬಲ್ಲಿನ ಮೇಲೆ ಉರುಳಿಸಿದೆವು. ಟಿಪ್ ಎದ್ದಿಳಿಯಲಿಲ್ಲ. ದೊಡ್ಡಪ್ಪ ಬಗ್ಗಿ, ಗಾಜಿನ ಮಟ್ಟಕ್ಕೆ ಕಣ್ಣಿಟ್ಟು, ಕೆಳಗಿನ ಬೆಳಕನ್ನು ಬಹಳ ಹೊತ್ತು ನೋಡಿದರು.

"ಎಲ್ಲಿಡ್ತೀಯ ಇದನ್ನ?"

"ಚೀಲದಲ್ಲಿ..."

"ಬಚ್ಚಲ ಗೋಡೆಗಾ?"

ಹೋಗಿ ಸುತ್ತಿಗೆ, ಎರಡು ಮರದ ಕೊಕ್ಕೆ ತಂದರು. ಹಾಲಿನ ನಡುಗೋಡೆ, ಹೊರಗಿನ ಮಳೆಯೂ ಬಿಸಿಲೂ ತಾಗದ ಕಡೆ, ಅಂಗೈಯಿಂದ ಮುಟ್ಟಿ ಒಣಗಿದ ಜಾಗ ಆರಿಸಿದರು. ಶಾಫ್ಟು ಬಟ್ಟು ಎರಡೂ ಬಿಚ್ಚಿ, ನೆಟ್ಟಗೆ ತೂಗುಬೀಳುವಂತೆ, ಎಲ್ಲೂ ಒರಗದಂತೆ ನೇತುಹಾಕಲು ಒಂದು ಕೊಕ್ಕೆ ಬಡಿದರು. ಅದರಿಂದ ಒಂದು ಗೇಣು ಆಚೆ ಇನ್ನೊಂದಕ್ಕೆ ಗುರುತು ಹಾಕತೊಡಗಿದರು.

"ಒಂದು ಸಾಕಲ್ವಾ ದೊಡ್ಡಪ್ಪ?"

"ಜನವರಿಗೆ ದೊಡ್ಡೋನು ಬರ್ತಾನೆ ಅಂದ್ಯಲ್ಲ. ಭುಜ ವಾಸಿ ಅಂದ. ಅವನು ಬರಿಗೈಲಿ ನಿಂತ್ಕೊಂಡು ನೀನಾಡೋದು ನೋಡ್ತಾನೇನ್ಲಾ?" ಎಂದು ಮೊಳೆ ತುಟಿಗೆ ಕಚ್ಚಿಕೊಂಡು ಸುತ್ತಿಗೆ ಎತ್ತಿದರು.